ಕೋದಂಡಪ್ಪನ ನಾಲ್ಕು ಹೆಬ್ಬೆಟ್ಟು

ಚಿಂತಲಪಲ್ಲಿಯ ಕೋದಂಡಪ್ಪನಿಗೆ ಈಗ ಐವತ್ತೆಂಟು ವರ್ಷ. ಅದರಲ್ಲಿ ಆರು ವರ್ಷ ತನ್ನ ಹೆಸರನ್ನು ಸರಿ ಮಾಡಿಸಿಕೊಳ್ಳುವುದಕ್ಕೇ ಹೋಯಿತು. ಹೊಲದ ಪಹಣಿಯಲ್ಲಿ ಅವನು ಬರೀ ಕೋದಂಡ. ರೇಷನ್ ಕಾರ್ಡಿನಲ್ಲಿ ಕೊತ್ತಂಡಪ್ಪ. ವೋಟರ್ ಲಿಸ್ಟಿನಲ್ಲಿ ಗೋದಂಡಪ್ಪ. ಪಾಸ್‌ಬುಕ್ಕಿನಲ್ಲಿ ಯಾರ ಕೈ ಜಾರಿತ್ತೋ ಏನೋ, ಕೋದಂಡಮ್ಮ. ಕೌಂಟರಿನವರು "ಕೋದಂಡಮ್ಮನವರು ಬಂದಿಲ್ವಾ?" ಅಂದಾಗಲೆಲ್ಲ ಅವನು ಮೀಸೆಯ ಮೇಲೆ ಕೈಯಿಟ್ಟುಕೊಂಡು "ಬಂದವ್ರೆ, ನಾನೇ" ಅನ್ನಬೇಕಾಗುತ್ತಿತ್ತು. ಹೆಂಡತಿ ಪೆದ್ದಮ್ಮ ಆ ಹೆಸರನ್ನು ಮನೆಗೂ ತಂದುಬಿಟ್ಟಳು. ಸಾರಿಗೆ ಉಪ್ಪು ಜಾಸ್ತಿ ಅಂದನೋ, "ಕೋದಂಡಮ್ಮಾ, ನಾಳೆಯಿಂದ ನೀನೇ ಮಾಡವ್ವ" ಅನ್ನುತ್ತಿದ್ದಳು.

ಬಂಗಾರಪೇಟೆ ತಾಲೂಕು ಆಫೀಸಿನ ಮೆಟ್ಟಿಲುಗಳು ಅವನ ಚಪ್ಪಲಿಯ ಗುರುತು ಹಿಡಿಯುವಷ್ಟು ಸಲ ಹತ್ತಿ ಇಳಿದ. ಅಫಿಡವಿಟ್ಟು ಮಾಡಿಸಿದ, ನೋಟರಿ ಮುಂದೆ ನಿಂತ, ಓದಿದ ಶಾಲೆಗೆ ಹೋಗಿ ಗೆದ್ದಲು ತಿಂದ ದಾಖಲಾತಿ ಪುಸ್ತಕ ತೆಗೆಸಿದ. ಕೊನೆಗೆ ಎಲ್ಲ ಕಾಗದಗಳೂ ಒಂದೇ ಬಾಯಲ್ಲಿ 'ಕೋದಂಡಪ್ಪ ಬಿನ್ ಚಿಕ್ಕಮುನಿಯಪ್ಪ' ಅಂದ ದಿನ ಅವನಿಗಾದ ಖುಷಿ ಅಷ್ಟಿಷ್ಟಲ್ಲ. ಆವತ್ತೇ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿ, ಅದರ ಇಪ್ಪತ್ತು ಜೆರಾಕ್ಸ್ ತೆಗೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಿ ಜೇಬಿನಲ್ಲಿಟ್ಟುಕೊಂಡ.

ಅಲ್ಲಿಂದ ಶುರುವಾಯಿತು ನೋಡಿ ಹಂಚುವ ಕೆಲಸ. ಗ್ಯಾಸ್ ಸಿಲಿಂಡರ್ ತಂದವನು ಕೇಳಿದರೂ ಕೊಟ್ಟ, ಕೇಳದಿದ್ದರೂ ಕೊಟ್ಟ. ಮಗ ಅಂಬರೀಶನ ಮದುವೆಗೆ ಛತ್ರ ಹಿಡಿಯುವಾಗ ಕೊಟ್ಟ. ಹನಿ ನೀರಾವರಿ ಪೈಪಿನ ಏಜೆಂಟ್ ಅಂತ ಬಂದವನಿಗೆ ಕೊಟ್ಟ. ಉಚಿತ ಕುಕ್ಕರ್ ಕೊಡುತ್ತೇವೆ ಎಂದು ಸರ್ವೆಗೆ ಬಂದ ಇಬ್ಬರಿಗೆ ಎರಡೆರಡು ಕೊಟ್ಟ. ಆ ಕುಕ್ಕರ್ ಇವತ್ತಿಗೂ ಬಂದಿಲ್ಲ.

ಸೊಸೆ ಸುಮಿತಾ ಊರಿನ ಸಣ್ಣ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ದಿನಕ್ಕೆ ಹತ್ತಾರು ಜನರ ಬೆರಳಚ್ಚು ತೆಗೆಯುವ ಕೈ ಅವಳದು. ಮಾವನ ಈ ಧಾರಾಳ ನೋಡಿದಾಗಲೆಲ್ಲ ಅವಳು ಎಚ್ಚರಿಸುತ್ತಿದ್ದಳು.

"ಮಾವ, ಇದು ಲಗ್ನಪತ್ರಿಕೆ ಅಲ್ಲ, ಕಂಡಕಂಡೋರಿಗೆ ಕೊಡೋಕೆ. ಯಾರಾದ್ರೂ ನಿಮ್ಮ ಹೆಸರು ಇಟ್ಕೊಂಡು ಏನಾದ್ರೂ ಮಾಡಿದ್ರೆ?"

"ಏನ್ ಮಾಡ್ತಾರಮ್ಮ? ನನ್ನ ಎಸ್ರು ಇಟ್ಕೊಂಡ್ರೆ ಬೆಳಗ್ಗೆ ನಾಕು ಗಂಟೆಗೆ ಎದ್ದು ಸೊಪ್ಪು ಕೊಯ್ಯೋಕೂ ಬರ್ಲಿ. ಬೇಡ ಅಂದವ್ರ್ಯಾರು?"

ಸೊಪ್ಪು ಅವನ ಬದುಕು. ಮುಕ್ಕಾಲು ಎಕರೆಯಲ್ಲಿ ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಹಾಕುತ್ತಾನೆ. ಬೆಳಕು ಹರಿಯುವ ಹೊತ್ತಿಗೆ ಟಿವಿಎಸ್ ಮೊಪೆಡ್ಡಿನ ಹಿಂದೆ ಮುಂದೆ ಕಟ್ಟುಗಳನ್ನೇರಿಸಿಕೊಂಡು ಚಿನ್ನದ ಗಣಿ ಕಡೆಯ ಆಂಡರ್ಸನ್‌ಪೇಟೆ ಮಾರ್ಕೆಟ್ಟಿಗೆ ಹೊರಟರೆ ಗಾಡಿ ಕಾಣುವುದಿಲ್ಲ, ಸೊಪ್ಪೇ ರಸ್ತೆಯ ಮೇಲೆ ತೇಲಿಕೊಂಡು ಬಂದ ಹಾಗಿರುತ್ತದೆ. ಅಲ್ಲಿ ಕನ್ನಡದಲ್ಲಿ ಕೂಗಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಜಗಳವಾಡಿ ಮಾರುತ್ತಾನೆ. ಹತ್ತು ಗಂಟೆಗೆ ಕಟ್ಟುಗಳೆಲ್ಲ ಖಾಲಿ. ಆಮೇಲೆ ಸೆಲ್ವಿಯ ತಳ್ಳುಗಾಡಿಯಲ್ಲಿ ನಾಲ್ಕು ಇಡ್ಲಿ, ಒಂದು ಟೀ.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಪೆದ್ದಮ್ಮನ ಹರಕೆ ಅಂತ ಗಂಡ ಹೆಂಡತಿ ತಿರುಪತಿಗೆ ಹೋಗಿಬಂದರು. ಕೋದಂಡಪ್ಪ ಹುಟ್ಟಿದಾರಭ್ಯ ಮೊದಲ ಸಲ ಮುಡಿ ಕೊಟ್ಟು, ಮೀಸೆಯನ್ನೂ ಕೊಟ್ಟು ಬಂದ. ಊರಿಗೆ ಬಂದ ಮಾರನೇ ದಿನ ಹಸುವಿಗೆ ಕಲಗಚ್ಚು ಇಡಲು ಬಗ್ಗಿದಾಗ ಅಂಗಿ ಜೇಬಿನ ಫೋನು ಬಕೆಟ್ಟಿಗೆ ಧುಮುಕಿತು. ಹಸು ಮೂತಿ ಇಟ್ಟಾಗಿತ್ತು. ಕೈ ಹಾಕಿ ತೆಗೆಯುವಷ್ಟರಲ್ಲಿ ಫೋನಿನ ಕಥೆ ಮುಗಿದಿತ್ತು. ಸಿಮ್ಮೂ ಕೆಲಸ ಬಿಟ್ಟಿತು.

ಅದರ ಮಾರನೇ ದಿನ, ಸೊಪ್ಪು ಮಾರಿದ ಮೇಲೆ, ಸೆಲ್ವಿಯ ಗಾಡಿ ಪಕ್ಕದಲ್ಲೇ ಒಂದು ಬಣ್ಣದ ದೊಡ್ಡ ಕೊಡೆ ಕಾಣಿಸಿತು. ಕೊಡೆ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ನಲವತ್ತು ದಾಟಿದ, ಕನ್ನಡಕ ಹಾಕಿದ, ಬಹಳ ಮರ್ಯಾದಸ್ಥನಂತೆ ಕಾಣುವ ಒಬ್ಬ ಮನುಷ್ಯ. ಕೊಡೆಯ ಅಂಚಿಗೆ 'ಇಲ್ಲಿ ಸಿಮ್ ಸಿಗುತ್ತದೆ' ಅಂತ ರಟ್ಟು ತೂಗುಹಾಕಿದ್ದ.

"ಅದೇ ನಂಬರ್ರು ಬೇಕು ಸ್ವಾಮಿ. ಸೊಪ್ಪಿನೋರೆಲ್ಲ ಅದಕ್ಕೇ ಫೋನ್ ಮಾಡೋದು" ಅಂದ ಕೋದಂಡಪ್ಪ.

"ಹತ್ತು ನಿಮಿಷ ಯಜಮಾನ್ರೇ. ಕೂತ್ಕೊಳ್ಳಿ, ಟೀ ಕುಡೀರಿ. ಆಧಾರ್ ಇದ್ಯಾ?"

ಅದೊಂದು ಪ್ರಶ್ನೆಯೇ! ಕೋದಂಡಪ್ಪ ಅಸಲಿಯನ್ನೂ ತೋರಿಸಿದ, ಒಂದು ಜೆರಾಕ್ಸನ್ನೂ ಕೈಗೆ ಹಾಕಿದ. ಕೊಡೆಯವನು ಮೊಬೈಲು ಹಿಡಿದು ಅವನ ಫೋಟೊ ತೆಗೆದ, "ಒಂದ್ಸಲ ಕಣ್ಣು ಮಿಟುಕಿಸಿ" ಅಂದ. ಆಮೇಲೆ ಚಿಕ್ಕ ಮೆಷಿನ್ನಿನ ಮೇಲೆ ಹೆಬ್ಬೆಟ್ಟು ಒತ್ತಿಸಿದ. ಮೊಬೈಲು ನೋಡಿ ತಲೆಯಾಡಿಸಿದ.

"ಬೆರಳು ಬೀಳ್ತಾ ಇಲ್ಲ ಯಜಮಾನ್ರೇ. ಇನ್ನೊಂದ್ಸಲ."

ಸೊಪ್ಪು ಕೊಯ್ದು ಕೊಯ್ದು ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದುಹೋಗಿವೆ ಅನ್ನುವುದು ಕೋದಂಡಪ್ಪನಿಗೆ ಗೊತ್ತಿದ್ದ ವಿಷಯವೇ. ರೇಷನ್ ಅಂಗಡಿಯಲ್ಲೂ ಮೂರು ಸಲ ಒತ್ತಿದ ಮೇಲೇ ಅಕ್ಕಿ. ಹಾಗಾಗಿ ಬೆರಳನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತಿದ. ಮತ್ತೆ ಫೋಟೊ, ಮತ್ತೆ ಕಣ್ಣು ಮಿಟುಕು. "ಸರ್ವರ್ ಬಿಜಿ" ಅಂದ ಕೊಡೆಯವನು. ಮತ್ತೊಂದು ಸಲ. ಮಗದೊಂದು ಸಲ. ನಾಲ್ಕನೇ ಸಲಕ್ಕೆ "ಬಂತು ನೋಡಿ!" ಅಂತ ಇಬ್ಬರೂ ಒಟ್ಟಿಗೆ ಖುಷಿಪಟ್ಟರು. ಪಾಪ, ಎಷ್ಟು ತಾಳ್ಮೆ ಈ ಮನುಷ್ಯನಿಗೆ ಅಂದುಕೊಂಡು ಕೋದಂಡಪ್ಪ ಮಿಕ್ಕಿದ್ದ ಒಂದು ಸಬ್ಬಸಿಗೆ ಕಟ್ಟನ್ನು ಅವನಿಗೆ ಪುಕ್ಕಟೆ ಕೊಟ್ಟು ಬಂದ.

ಮೂರು ತಿಂಗಳಾಯಿತು. ತಲೆಯಲ್ಲಿ ಕೂದಲು ಬಂತು, ಮೀಸೆ ತನ್ನ ಜಾಗಕ್ಕೆ ಬಂದು ಕೂತಿತು. ಒಂದು ಮಧ್ಯಾಹ್ನ ಕೊತ್ತಂಬರಿ ಮಡಿಗೆ ನೀರು ಕಟ್ಟುತ್ತಿದ್ದಾಗ ಫೋನು ಬಂತು.

"ಕೋದಂಡಪ್ಪ ಬಿನ್ ಚಿಕ್ಕಮುನಿಯಪ್ಪ ಅವರಾ? ಗದಗಿನಿಂದ ಮಾತಾಡ್ತಿದೀವಿ, ಸೈಬರ್ ಪೊಲೀಸ್. ನಿಮ್ಮ ಹೆಸರಿನ ನಂಬರಿಂದ—"

ಕೋದಂಡಪ್ಪನಿಗೆ ನಗು ಬಂತು. ಪೊಲೀಸು ಅಂತ ಹೇಳಿ ಯಾರು ಫೋನ್ ಮಾಡಿದರೂ ಮಾತಾಡಬೇಡಿ, ಕಟ್ ಮಾಡಿ ಅಂತ ಸುಮಿತಾ ಮನೆಮಂದಿಗೆಲ್ಲ ಬಾಯಿಪಾಠ ಮಾಡಿಸಿದ್ದಳು. ಮಾವ ಜೆರಾಕ್ಸಿನ ಪಾಠ ಕಲಿತಿರಲಿಲ್ಲ, ಇದನ್ನು ಮಾತ್ರ ಚೆನ್ನಾಗಿ ಕಲಿತಿದ್ದ.

"ನೀನು ಪೊಲೀಸಾ? ಅಂಗಾದ್ರೆ ನಾನು ಎಸ್ಪಿ ಕಣ್ಲಾ! ಮಡಗು ಫೋನು!"

ಮಾರನೇ ದಿನ ಮತ್ತೆ ಬಂತು. ಈ ಸಲ ಎಸ್ಪಿಯಿಂದ ಐಜಿಪಿಗೆ ಬಡ್ತಿ ಪಡೆದು ಬೈದ. ರಾತ್ರಿ ಊಟಕ್ಕೆ ಕೂತಾಗ ಅದನ್ನು ಅಭಿನಯ ಮಾಡಿ ತೋರಿಸಿ ಪೆದ್ದಮ್ಮನನ್ನು ನಗಿಸಿದ. ಸುಮಿತಾ ಕೂಡ "ಶಭಾಷ್ ಮಾವ" ಅಂದಳು.

ನಾಲ್ಕನೇ ದಿನ ಮನೆ ಮುಂದೆ ಬೈಕು ನಿಂತಿತು. ಇಳಿದವನು ಖಾಕಿಯಲ್ಲಿದ್ದ, ಬೆವೆತಿದ್ದ, ಕೈಯಲ್ಲಿ ಒಂದು ಕಾಗದವಿತ್ತು.

"ಯಜಮಾನ್ರೇ, ನಾನು ರಾಮಚಂದ್ರಪ್ಪ, ಠಾಣೆಯಿಂದ ಬಂದಿದೀನಿ. ಗದಗಿನೋರು ಎರಡು ಸಲ ಫೋನ್ ಮಾಡಿದ್ರೆ ಬೈದು ಇಟ್ರಂತೆ. ಯಾರೋ ಐಜಿಪಿ ಅಂತಾನೂ ಅಂದ್ರಂತೆ. ಇದು ನೋಟೀಸು, ಸಹಿ ಹಾಕಿ."

ಕೋದಂಡಪ್ಪ ಸಹಿ ಹಾಕಲು ಪೆನ್ನು ಹುಡುಕತೊಡಗಿದ. ಆದರೆ ಪೆದ್ದಮ್ಮ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಖಾಕಿ ಬಟ್ಟೆ ಬಂಗಾರಪೇಟೆ ಸಂತೇಲೂ ಸಿಗ್ತದೆ. ನೀನು ಪೊಲೀಸು ಅಂತ ಎಂಗೆ ನಂಬೋದಪ್ಪಾ? ನಿನ್ನ ಕಾರ್ಡು ತೋರ್ಸು. ಅದರದ್ದು ಜೆರಾಕ್ಸ್ ಇದ್ರೆ ಕೊಡು."

ರಾಮಚಂದ್ರಪ್ಪ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಜನರಿಂದ ಜೆರಾಕ್ಸ್ ಕೇಳಿದ್ದನೇ ಹೊರತು ಅವನನ್ನು ಯಾರೂ ಕೇಳಿರಲಿಲ್ಲ. ಕಾರ್ಡು ತೋರಿಸಿದ. ಪೆದ್ದಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಂಚೆ ಕಚೇರಿಯಿಂದ ಸುಮಿತಾಳನ್ನು ಕರೆಸಿದಳು. ಸುಮಿತಾ ಠಾಣೆಯ ನಂಬರನ್ನು ತಾನೇ ಹುಡುಕಿ, ಫೋನ್ ಮಾಡಿ ವಿಚಾರಿಸಿದಳು. ಅಲ್ಲಿಯವರೆಗೆ ರಾಮಚಂದ್ರಪ್ಪ ಹುಣಸೆ ಮರದ ನೆರಳಲ್ಲಿ ಮಜ್ಜಿಗೆ ಕುಡಿಯುತ್ತ ಕೂತಿದ್ದ.

"ಮಾವ," ಅಂದಳು ಸುಮಿತಾ ಫೋನಿಟ್ಟು, "ಇವರು ನಿಜವಾದ ಪೊಲೀಸು."

ನೋಟೀಸಿನಲ್ಲಿದ್ದ ವಿಷಯ ಇಷ್ಟು. ಗದಗಿನಲ್ಲಿ ನೀಲಗಂಗಾ ಎಂಬ ನಿವೃತ್ತ ಟೀಚರೊಬ್ಬರಿಗೆ ಫೋನ್ ಬಂದಿದೆ. ನಿಮ್ಮ ಹೆಸರಲ್ಲಿ ಒಂದು ಪಾರ್ಸಲ್ ಸಿಕ್ಕಿದೆ, ಅದರಲ್ಲಿ ಮಾದಕ ವಸ್ತು ಇದೆ, ಬಾಗಿಲು ಹಾಕಿಕೊಂಡು ವಿಡಿಯೊ ಮುಂದೆ ಕೂರಿ, ಯಾರಿಗೂ ಹೇಳಬೇಡಿ ಅಂತ ಹೆದರಿಸಿದ್ದಾರೆ. ಆ ಫೋನು ಬಂದ ನಂಬರು ಚಿಂತಲಪಲ್ಲಿಯ ಕೋದಂಡಪ್ಪನ ಹೆಸರಲ್ಲಿದೆ.

ಮಾರನೇ ದಿನ ಮಾವ ಸೊಸೆ ಇಬ್ಬರೂ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಆಂಡರ್ಸನ್‌ಪೇಟೆ ಕಡೆಯ ಠಾಣೆಗೆ ಹೊರಟರು. ಆ ಅರ್ಧ ಗಂಟೆಯ ದಾರಿಯಲ್ಲಿ ಕೋದಂಡಪ್ಪ ನೋಟೀಸಿನಲ್ಲಿದ್ದ ತನ್ನ ಹೆಸರನ್ನೇ ಮತ್ತೆ ಮತ್ತೆ ಓದಿದ. ಜೈಲಿಗೆ ಹಾಕಿಬಿಡುತ್ತಾರೇನೋ ಅನ್ನುವ ಭಯ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು. ಆರು ವರ್ಷ ಅಲೆದು, ಕೈ ಮುಗಿದು, ಅಕ್ಷರ ಅಕ್ಷರವಾಗಿ ಸರಿ ಮಾಡಿಸಿಕೊಂಡ ಹೆಸರು. ಅದನ್ನು ಯಾವನೋ ತೊಟ್ಟುಕೊಂಡು ಹೋಗಿ, ಕಂಡರಿಯದ ಊರಿನಲ್ಲಿ, ಪಾಠ ಹೇಳಿದ ಹಿರಿಯ ಹೆಣ್ಣುಮಗಳನ್ನು ಗದರಿಸಿದ್ದಾನೆ. ಅವರ ಮನಸ್ಸಿನಲ್ಲಿ ಈಗ ಕೋದಂಡಪ್ಪ ಅಂದರೆ ಆ ಕಳ್ಳ. ಈ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಸಬ್ ಇನ್ಸ್‌ಪೆಕ್ಟರ್ ಕವಿತ ವಯಸ್ಸಿನಲ್ಲಿ ಸುಮಿತಾಳಷ್ಟೇ. ಕೂರಿಸಿ ನೀರು ಕೊಡಿಸಿದಳು.

"ನಿಮ್ಮ ಹೆಸರಲ್ಲಿ ನಾಲ್ಕು ಸಿಮ್ ಇದಾವೆ, ಗೊತ್ತಾ?"

"ನಾಕಾ? ನನ್ನತ್ರ ಇರೋದು ಒಂದೇ ಫೋನು ತಾಯಿ. ಅದೂ ಸೊಸೆ ಕೊಡ್ಸಿದ್ದು."

ಕವಿತ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದಳು. ಸಿಮ್ ಕೊಡುವಾಗ ತೆಗೆದ ಫೋಟೊಗಳು ಸಾಲಾಗಿದ್ದವು, ನಾಲ್ಕು. ನಾಲ್ಕರಲ್ಲೂ ಕೋದಂಡಪ್ಪನೇ. ಒಂದರಲ್ಲಿ ಕಣ್ಣು ಮುಚ್ಚಿದ್ದಾನೆ. ಇನ್ನೊಂದರಲ್ಲಿ ಟೀ ಲೋಟ ತುಟಿಯ ಹತ್ತಿರ. ಮೂರನೆಯದರಲ್ಲಿ ಪಕ್ಕದಲ್ಲಿ ಹೋಗುತ್ತಿರುವ ಮೇಕೆಯನ್ನೋ ಏನನ್ನೋ ನೋಡುತ್ತಿದ್ದಾನೆ. ನಾಲ್ಕನೆಯದರಲ್ಲಿ ಹಲ್ಲು ಬಿಟ್ಟು ನಗುತ್ತಿದ್ದಾನೆ. ನಾಲ್ಕರಲ್ಲೂ ತಲೆ ಬೋಳು, ಹೊಸ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತಿದೆ.

ಸುಮಿತಾ ಬಾಯಿಗೆ ಕೈ ಅಡ್ಡ ಹಿಡಿದಳು. ಮಾವ ನೊಂದುಕೊಂಡಿದ್ದಾನೆ, ನಗಬಾರದು. ಆದರೆ ಕೋದಂಡಪ್ಪನಿಗೇ ತಡೆಯಲಾಗಲಿಲ್ಲ.

"ಅಯ್ಯೋ ವೆಂಕಟರಮಣ! ನಾನು ಇಂಗಾ ಕಾಣ್ತಿದ್ದೆ? ಪೆದ್ದಮ್ಮ ಚೆನ್ನಾಗೈತೆ ಚೆನ್ನಾಗೈತೆ ಅಂತ ಸುಳ್ಳು ಯೋಳಿದ್ಲು."

"ಟೈಮ್ ನೋಡಿ," ಅಂದಳು ಕವಿತ. "ಏಳು ನಿಮಿಷದಲ್ಲಿ ನಾಲ್ಕು. ಪ್ರತಿ ಸಲ ಹೆಬ್ಬೆಟ್ಟು ಒತ್ತಿದಾಗಲೂ ಒಂದೊಂದು ಸಿಮ್ ಚಾಲೂ ಆಗಿದೆ. ಒಂದು ನಿಮಗೆ ಕೊಟ್ಟ, ಮೂರು ಅವನು ಇಟ್ಕೊಂಡು ಬೇರೆಯವರಿಗೆ ಮಾರಿದಾನೆ."

ಕೋದಂಡಪ್ಪ ತನ್ನ ಬಲಗೈ ಹೆಬ್ಬೆಟ್ಟನ್ನು ಮುಖದ ಹತ್ತಿರ ತಂದು ನೋಡಿಕೊಂಡ. ಸವೆದಿಲ್ಲ ಅಂತಾಯಿತು. ಮೊದಲ ಸಲವೇ ಬಿದ್ದಿತ್ತು ಬೆರಳು!

"ಇನ್ನೊಂದು ಕೆಲಸ ಇದೆ, ನಿಮ್ಮ ದನಿ ಅವರಿಗೆ ಕೇಳಿಸ್ಬೇಕು" ಅಂದು ಕವಿತ ಗದಗಿಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟಳು. ಆ ಕಡೆಯಿಂದ ನೀಲಗಂಗಾ ಟೀಚರ ದನಿ ಖಣಖಣ ಬಂತು.

"ಯಾರ್ರೀ ಅಂವ ಕೋದಂಡಪ್ಪ? ಮೂವತ್ನಾಕು ವರ್ಷ ಸಾಲ್ಯಾಗ ಹುಡುಗೂರ್ನ ಬೆಂಚ್ ಮ್ಯಾಲೆ ನಿಂದ್ರಿಸೀನಿ. ನನ್ನನ್ನ ಬಾಗ್ಲಾ ಹಾಕ್ಕೊಂಡ್ ಕುಂದ್ರು ಅಂತಾನ! ನಾನೂ ಬಿಡ್ಲಿಲ್ಲ. ಮಾದಕ ವಸ್ತು ಅಂದ್ಯಲ್ಲ, 'ಮಾದಕ'ದ ಒತ್ತಕ್ಷರ ಹೇಳು ಅಂದೆ. ಅದ್ರಾಗ ಒತ್ತಕ್ಷರನ ಇಲ್ಲ! ಅಂವ ವಿಚಾರ ಮಾಡಾಕತ್ತಿದ್ದ, ನಾ ನಂಬರ್ ಬರ್ಕೊಂಡು ಒಂದು ಒಂಬತ್ತು ಮೂರು ಸೊನ್ನಿ, ಆ ಸೈಬರ್ ಪೊಲೀಸ್ರ ನಂಬರಿಗೆ ಕಂಪ್ಲೇಂಟ್ ಕೊಟ್ಟೆ."

ಕವಿತ ನಗು ನುಂಗಿಕೊಂಡು, ಒಂದು ಚೀಟಿಯಲ್ಲಿ ಬರೆದಿದ್ದನ್ನು ಕೋದಂಡಪ್ಪನ ಮುಂದೆ ತಳ್ಳಿದಳು. ಓದಿ ಅಂತ ಸನ್ನೆ ಮಾಡಿದಳು. ಅವನು ಗಂಟಲು ಸರಿಮಾಡಿಕೊಂಡ.

"ಅಲೋ ಮೇಡಂ. ನಿಮ್ಮ ಎಸ್ರಲ್ಲಿ ಇಲ್ಲಿಗೆ ಅದಿನೆಂಟು ಪಾರ್ಸಲ್ಲು ಬಂದೈತೆ. ನೀವು ಈಗ್ಲೇ ಏಳ್ದಂಗೆ ಕೇಳ್ಬೇಕು, ಇಲ್ಲಾಂದ್ರೆ ಇಡ್ಕೊಂಡು ಓಗ್ತೀವಿ."

ಆ ಕಡೆಯಿಂದ ದೊಡ್ಡ ನಗು.

"ಅಲ್ರೀ, ಈತ ಅಲ್ಲವೇ ಅಲ್ರೀ! ಅಂವ ಹಲೋ ಅಂದ್ರ ಹೊಟ್ಟಿಯಿಂದ ಅಂತಿದ್ದ, ಬೆಂಗ್ಳೂರು ನಯ ಮಾತು. ಈ ಯಪ್ಪಗ 'ಹ'ನ ಬರೂದಿಲ್ಲಲ್ರೀ. ನನ್ನ ಸಾಲ್ಯಾಗ ಇದ್ದಿದ್ರ ದಿನಾ ನೂರು ಸಲ 'ಹಂಸ' ಬರಸ್ತಿದ್ದೆ."

ಐವತ್ತೆಂಟು ವರ್ಷ ಬೈಸಿಕೊಂಡ ನಾಲಗೆಯ ಬಗ್ಗೆ ಕೋದಂಡಪ್ಪನಿಗೆ ಮೊದಲ ಸಲ ಹೆಮ್ಮೆಯಾಯಿತು. ಮುಂದಕ್ಕೆ ಬಾಗಿ, ಎರಡೂ ಕೈ ಜೋಡಿಸಿ ಫೋನಿಗೇ ನಮಸ್ಕಾರ ಮಾಡಿದ.

"ಟೀಚರಮ್ಮಾ, ತೆಪ್ಪು ನಂದೂ ಐತೆ. ನಾನು ಕಂಡಕಂಡೋರ್ಗೆಲ್ಲ ಕಾರ್ಡ್ ಕೊಟ್ಟೆ, ಎಬ್ಬೆಟ್ಟು ಒತ್ತಿದೆ. ನನ್ನ ಎಸ್ರಿಂದ ನಿಮ್ಗೆ ತೊಂದ್ರೆ ಆಯ್ತು. ಮನಸ್ಸಲ್ಲಿ ಇಟ್ಕಬೇಡ್ರಿ."

"ಬಿಡ್ರೀ ಯಪ್ಪಾ," ಅಂದರು ಆಕೆ, ದನಿ ಮೆತ್ತಗಾಗಿತ್ತು. "ಆ ಕಳ್ಳನ್ನ ಹಿಡಿಸ್ರಿ. ಅಷ್ಟಾದ್ರ ಸಾಕು."

ಹಿಡಿಸುವುದಕ್ಕೆ ಆ ಬೋಳು ತಲೆಯೇ ನೆರವಾಯಿತು. ಸಿಮ್ ಯಾವಾಗ ತಗೊಂಡ್ರಿ, ಎಲ್ಲಿ ಅಂತ ಕೇಳಿದರೆ ಬೇರೆಯವರಾದರೆ ತಡಕಾಡಬೇಕಿತ್ತು. ಕೋದಂಡಪ್ಪ ತಲೆ ಬೋಳಿಸಿದ್ದು ಜೀವಮಾನದಲ್ಲಿ ಒಂದೇ ಸಲ. ಫೋಟೊದ ಹಿಂದೆ ತಳ್ಳುಗಾಡಿಯ ನೀಲಿ ಚಾವಣಿ, ತೂಗುಬಿಟ್ಟ ಬಾಳೆಗೊನೆ ಕಾಣುತ್ತಿತ್ತು. "ಇದು ನಮ್ಮ ಸೆಲ್ವಿ ಗಾಡಿ" ಅಂದ. ಸಿಮ್ ಕೊಟ್ಟವನ ಹೆಸರು ಅಂತ ದಾಖಲೆಯಲ್ಲಿ ಇದ್ದದ್ದು ಯಾವುದೋ ಬೇರೆ ಊರಿನ, ಸತ್ತು ಎರಡು ವರ್ಷವಾದ ಒಬ್ಬ ಅಂಗಡಿಯವನದು. ಕಳ್ಳ ತನ್ನ ಹೆಸರನ್ನೂ ಕದ್ದೇ ತಂದಿದ್ದ.

ಕೋದಂಡಪ್ಪ ಹೋಗಿ ನೋಡಿದರೆ ಆಂಡರ್ಸನ್‌ಪೇಟೆಯಲ್ಲಿ ಕೊಡೆ ಇರಲಿಲ್ಲ. ಸೆಲ್ವಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುತ್ತ ಹೇಳಿದಳು:

"ಅವನಾ ಅಣ್ಣೇ? ಒಂದೇ ಕಡೆ ನಿಲ್ಲಲ್ಲ. ಇಲ್ಲಿ ವಾರಕ್ಕೊಂದ್ಸಲ. ಬುಧವಾರ ಆದ್ರೆ ಬಂಗಾರಪೇಟೆ ಬಸ್ ಸ್ಟಾಂಡ್ ಹತ್ರ. ನನ್ನ ಹತ್ರಾನೂ ಬೆರಳು ಕೇಳ್ದ. ನಾನು ಹಿಟ್ಟು ಕೈ ಸಾಮಿ, ಆಗಲ್ಲ ಅಂದ್ಬಿಟ್ಟೆ. ನಲ್ಲ ವೇಳೆ, ಬಚಾವಾದೆ!"

ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಬಂಗಾರಪೇಟೆಯಲ್ಲಿ ಕೊಡೆ ಅರಳಿತ್ತು. ಸುಮಿತಾ ಗಿರಾಕಿಯಂತೆ ಹೋಗಬೇಕು, ಕವಿತ ಸೀರೆಯುಟ್ಟು ಬಸ್ಸಿಗೆ ಕಾಯುವವಳಂತೆ ನಿಲ್ಲಬೇಕು, ರಾಮಚಂದ್ರಪ್ಪ ಮಫ್ತಿಯಲ್ಲಿ ಸುತ್ತಾಡಬೇಕು ಅಂತ ಮಾತಾಗಿತ್ತು. ರಾಮಚಂದ್ರಪ್ಪ ಲುಂಗಿ ಉಟ್ಟು ಬಂದಿದ್ದ, ಕಾಲಲ್ಲಿ ಮಾತ್ರ ಇಲಾಖೆಯ ಕೆಂಪು ಬೂಟು ಹಾಗೇ ಇತ್ತು. ಕೋದಂಡಪ್ಪ ನೋಡಿ ಹೌಹಾರಿ, ತನ್ನ ಹವಾಯಿ ಚಪ್ಪಲಿ ಬಿಚ್ಚಿ ಕೊಟ್ಟು, ಬೂಟನ್ನು ದಂಟಿನ ಸೊಪ್ಪಿನ ಕೆಳಗೆ ಬಚ್ಚಿಟ್ಟ. "ನೀವು ದೂರ ಇರ್ಬೇಕು ಯಜಮಾನ್ರೇ, ಬಾಯಿ ಬಿಡಬಾರ್ದು" ಅಂತ ಕವಿತ ಎರಡು ಸಲ ಹೇಳಿದ್ದಳು. ಅವನು ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಹತ್ತು ಮಾರು ಆಚೆ ಸೊಪ್ಪು ಹರಡಿಕೊಂಡು ಬರಿಗಾಲಲ್ಲಿ ಕೂತ.

ಸುಮಿತಾ ಸ್ಟೂಲಿನ ಮುಂದೆ ನಿಂತು ಹೆಬ್ಬೆಟ್ಟು ಒತ್ತಿದಳು. ಕನ್ನಡಕದ ಮನುಷ್ಯ ಮೊಬೈಲು ನೋಡಿದ, ಅದೇ ಕರುಣೆಯಿಂದ ತಲೆಯಾಡಿಸಿದ.

"ಬೆರಳು ಬೀಳ್ತಾ ಇಲ್ಲ ಮೇಡಂ. ಇನ್ನೊಂದ್ಸಲ."

"ಹೌದಾ? ನಾನು ದಿನಾ ಅಂಚೆ ಕಚೇರಿಲಿ ನನ್ನ ಬೆರಳು ಒತ್ತೇ ಮೆಷಿನ್ ಶುರು ಮಾಡೋದು. ಒಂದ್ ದಿನಾನೂ ತಪ್ಪಿಲ್ಲ. ಸ್ವಲ್ಪ ಆ ಮೊಬೈಲ್ ತೋರ್ಸಿ" ಅಂದಳು ಸುಮಿತಾ.

ಅವನು ಮೊಬೈಲನ್ನು ಎದೆಗೊತ್ತಿಕೊಂಡ. ಕವಿತ ಒಂದು ಹೆಜ್ಜೆ ಮುಂದಿಟ್ಟಳು. ಇನ್ನು ಅರ್ಧ ನಿಮಿಷ ಸುಮ್ಮನಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಕೋದಂಡಪ್ಪ ಹನ್ನೆರಡು ದಿನದಿಂದ ಒಂದು ಮಾತನ್ನು ತಡೆದಿಟ್ಟುಕೊಂಡಿದ್ದ. ಎದ್ದು ನಿಂತು, ಬಸ್ ಸ್ಟಾಂಡೇ ತಿರುಗಿ ನೋಡುವಂತೆ ಕೂಗಿದ:

"ಲೋ! ನನ್ನ ನಾಕು ಎಬ್ಬೆಟ್ಟಲ್ಲಿ ಮೂರು ವಾಪಸ್ ಕೊಡ್ಲಾ!"

ಕನ್ನಡಕದವನು ಚೀಲ ಎತ್ತಿಕೊಂಡು ಎದ್ದ. ಓಡಿದ್ದು ರಾಮಚಂದ್ರಪ್ಪನ ಕಡೆಗೇ. ರಾಮಚಂದ್ರಪ್ಪ ಹಿಡಿಯಲು ಹೋದ, ಅಳತೆ ಮೀರಿದ ಹವಾಯಿ ಚಪ್ಪಲಿ ಮಡಿಚಿಕೊಂಡು ಮುಗ್ಗರಿಸಿದ. ಕಳ್ಳ ಎಡಕ್ಕೆ ಹೊರಳಿದ, ಅಲ್ಲಿ ಕೋದಂಡಪ್ಪನ ಅಂಗಡಿ. ನೀರು ಚಿಮುಕಿಸಿದ್ದ ದಂಟಿನ ಸೊಪ್ಪಿನ ಮೇಲೆ ಕಾಲಿಟ್ಟವನು ಸರ್ರನೆ ಜಾರಿ ಕೂತುಬಿಟ್ಟ. ಕೂತದ್ದು ಬೂಟಿನ ಮೇಲೆ. "ಅಮ್ಮಾ!" ಅಂತ ಅವನು ಕಿರುಚುವಷ್ಟರಲ್ಲಿ ಕವಿತಳ ಕೈ ಅವನ ಕಾಲರಿನ ಮೇಲಿತ್ತು.

ಚೀಲದಲ್ಲಿ ಬೇರೆಯವರ ಹೆಸರಲ್ಲಿ ಜೀವ ತುಂಬಿದ ಅರವತ್ತಕ್ಕೂ ಹೆಚ್ಚು ಸಿಮ್‌ಗಳಿದ್ದವು. ಒಂದೊಂದಕ್ಕೂ ಚೀಟಿ ಅಂಟಿಸಿ ಹೆಸರು ಬರೆದಿದ್ದ, ಅಚ್ಚುಕಟ್ಟು ಮನುಷ್ಯ. ಉರಿಗಾಂನವರು, ಮಾರಿಕುಪ್ಪಂನವರು, ಬಂಗಾರಪೇಟೆಯ ಹಳ್ಳಿಯವರು. ಚಿಂತಲಪಲ್ಲಿಯ ಸೀನಪ್ಪನದೂ ಎರಡಿದ್ದವು. ಇವನಿಂದ ಕೊಂಡುಕೊಂಡು ಟೀಚರಿಗೆ ಫೋನ್ ಮಾಡಿದವರ ಜಾಡು ಹಿಡಿದು ಗದಗಿನ ಪೊಲೀಸರು ಇನ್ನೂ ಓಡಾಡುತ್ತಿದ್ದಾರೆ. ಕೋದಂಡಪ್ಪನನ್ನು ಮಾತ್ರ ಸಾಕ್ಷಿ ಅಂತ ಬರೆದುಕೊಂಡು ಕಳಿಸಿದರು. ತುಳಿದು ಹಾಳಾದ ಸೊಪ್ಪನ್ನು ರಾಮಚಂದ್ರಪ್ಪ ಮನೆಗೆ ತೆಗೆದುಕೊಂಡು ಹೋದ, ಮಸೊಪ್ಪಿನ ಸಾರಿಗೆ ಆಗುತ್ತದೆ ಅಂತ.

ಆವತ್ತು ಸಂಜೆ ಸುಮಿತಾ ಮಾವನನ್ನು ಜಗುಲಿ ಮೇಲೆ ಕೂರಿಸಿಕೊಂಡು ಪಾಠ ಶುರುಮಾಡಿದಳು. ಸರ್ಕಾರದ ಸಂಚಾರ್ ಸಾಥಿ ಅನ್ನುವ ವೆಬ್‌ಸೈಟು ತೆರೆದು, ತಮ್ಮ ನಂಬರು ಹಾಕಿ, ಬಂದ ಓಟಿಪಿ ಒತ್ತಿದರೆ ತಮ್ಮ ಹೆಸರಲ್ಲಿ ಎಷ್ಟು ನಂಬರಿದೆ ಅಂತ ಪಟ್ಟಿ ಬರುತ್ತದೆ. ತಮ್ಮದಲ್ಲದ್ದರ ಎದುರು 'ನನ್ನ ನಂಬರ್ ಅಲ್ಲ' ಅಂತ ಒತ್ತಬೇಕು. ಕೋದಂಡಪ್ಪ ಮೂರನ್ನೂ ತಾನೇ ಒತ್ತಿದ, ತಿಗಣೆ ಹೊಸಕುವ ಹಾಗೆ. ಓಟಿಪಿಯನ್ನು ದೇವರು ಬಂದು ಕೇಳಿದರೂ ಹೇಳಕೂಡದು ಅಂತಾಯಿತು. ಜೆರಾಕ್ಸ್ ಕೊಡಲೇಬೇಕಾಗಿ ಬಂದರೆ ಅದರ ಮೇಲೆ ಅಡ್ಡಲಾಗಿ, ಯಾತಕ್ಕೆ ಕೊಟ್ಟದ್ದು, ಯಾವತ್ತು ಕೊಟ್ಟದ್ದು ಅಂತ ಬರೆದು ಸಹಿ ಹಾಕಬೇಕು. ಆಗ ಅದನ್ನು ಬೇರೆ ಕೆಲಸಕ್ಕೆ ತಿರುಗಿಸುವುದು ಕಷ್ಟ.

ಈ ಕೊನೆಯ ಪಾಠ ಕೋದಂಡಪ್ಪನಿಗೆ ಬಹಳ ಹಿಡಿಸಿತು. ಸ್ವಲ್ಪ ಜಾಸ್ತಿಯೇ ಹಿಡಿಸಿತು. ಕೃಷಿ ಇಲಾಖೆಯಲ್ಲಿ ರಾಗಿ ಬೀಜಕ್ಕೆ ಕೊಟ್ಟ ಜೆರಾಕ್ಸಿನ ಮೇಲೆ ಹೀಗೆ ಬರೆದಿದ್ದ: 'ಇದು ಹತ್ತು ಕೆಜಿ ರಾಗಿ ಬೀಜಕ್ಕೆ ಮಾತ್ರ. ಸಿಮ್ಮಿಗೆ ಅಲ್ಲ, ಸಾಲಕ್ಕೆ ಅಲ್ಲ, ಪಾರ್ಸಲ್ಲಿಗೆ ಅಲ್ಲ, ಕುಕ್ಕರಿಗೂ ಅಲ್ಲ. ತಾರೀಕು ಮೇಲೆ ಇದೆ. ಬೇರೆ ಯಾರಾದರೂ ಇದನ್ನು ಇಟ್ಟುಕೊಂಡು ಬಂದರೆ ಮಾತಾಡಿಸಿ ನೋಡುವುದು.' ಗುಮಾಸ್ತ ಓದಿ, "ಫೋಟೊನೇ ಕಾಣಲ್ವಲ್ಲ ಯಜಮಾನ್ರೇ, ಇನ್ನೊಂದು ಕೊಡಿ" ಅಂದರೆ, "ಮೊದಲು ಅದನ್ನ ವಾಪಸ್ ಕೊಡಿ ಸ್ವಾಮಿ" ಅಂತ ಕೈ ಚಾಚಿದ.

ಊರಿನಲ್ಲಿ ಈಗ ಅವನ ಮಾತಿಗೆ ಬೆಲೆ. ಸೀನಪ್ಪನಿಂದ ಶುರುವಾಗಿ ಒಬ್ಬೊಬ್ಬರೇ ಫೋನು ಹಿಡಿದುಕೊಂಡು ಬರುತ್ತಾರೆ, ನಮ್ಮ ಹೆಸರಲ್ಲಿ ಎಷ್ಟಿವೆ ನೋಡು ಅಂತ. ಕೋದಂಡಪ್ಪ ಕನ್ನಡಕ ಏರಿಸಿ, "ಓಟಿಪಿ ನನ್ಗೆ ಯೋಳ್ಬೇಡ, ನೀನೇ ಒತ್ತು" ಅಂತ ಗದರುತ್ತಾನೆ. ಗದಗಿನ ನೀಲಗಂಗಾ ಟೀಚರು ತಿಂಗಳಿಗೊಮ್ಮೆ ಫೋನ್ ಮಾಡಿ ಕೇಸಿನ ಸುದ್ದಿ ಕೇಳುತ್ತಾರೆ. ಪೆದ್ದಮ್ಮನೂ ಅವರೂ ಮಾತಿಗೆ ಕೂತರೆ ಕೇಸು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತದೆ.

ಆದರೆ ಸುಮಿತಾ ಕಲಿಸಿದ ಇನ್ನೊಂದು ವಿದ್ಯೆ ಇದೆ. ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕುವುದು. ಬೀಗ ಹಾಕಿದರೆ ಯಾವ ಮೆಷಿನ್ನಿನ ಮೇಲೆ ಯಾರು ಒತ್ತಿಸಿದರೂ ಕೆಲಸ ಆಗುವುದಿಲ್ಲ. ಬೇಕಾದಾಗ ನಾವೇ ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಿಕೊಳ್ಳಬಹುದು. ಕೋದಂಡಪ್ಪ ತನಗೂ ಹಾಕಿಕೊಂಡ, ಪೆದ್ದಮ್ಮನಿಗೂ ಹಾಕಿಸಿದ. ಹಾಕಿಸಿದ್ದನ್ನು ಅವಳಿಗೆ ಹೇಳಲು ಮರೆತ.

ಮೊನ್ನೆ ಪೆದ್ದಮ್ಮ ರೇಷನ್ ಅಂಗಡಿಯಲ್ಲಿ ಒಂಬತ್ತು ಸಲ ಹೆಬ್ಬೆಟ್ಟು ಒತ್ತಿದಳು. ಒರೆಸಿ ಒತ್ತಿದಳು, ಊದಿ ಒತ್ತಿದಳು, ಎಡಗೈಯದ್ದೂ ಒತ್ತಿದಳು. ಹಿಂದೆ ಮೂವತ್ತು ಜನರ ಸಾಲು ಗೊಣಗುತ್ತಿತ್ತು. ಕೊನೆಗೆ ಯಾರೋ ಹೋಗಿ ಕೋದಂಡಪ್ಪನನ್ನು ಮಡಿಯಿಂದ ಎಬ್ಬಿಸಿಕೊಂಡು ಬಂದರು.

"ಏನಾಯ್ತು ನನ್ನ ಬೆರಳಿಗೆ?" ಅಂದಳು ಪೆದ್ದಮ್ಮ, ಅಳುವ ಹಾಗಾಗಿದ್ದಳು.

"ಏನೂ ಆಗಿಲ್ಲ ಕಣೇ. ನಾನೇ ಬೀಗ ಆಕಿದೀನಿ."

ಪೆದ್ದಮ್ಮ ಅವನನ್ನು ಒಂದು ಸಲ ನೋಡಿದಳು. ಮೂವತ್ತು ಜನರ ಸಾಲು ಗೊಣಗುವುದನ್ನು ನಿಲ್ಲಿಸಿ, ಕುತೂಹಲದಿಂದ ಕಾಯತೊಡಗಿತು.

"ನನ್ನ ಬೆರಳಿಗೆ ಬೀಗ ಆಕೋಕೆ ನೀನ್ಯಾರು? ಕೀಲಿ ಕೊಡು ಈಗ."

ಕೋದಂಡಪ್ಪ ಕೆಸರು ಕೈಯನ್ನು ಪಂಚೆಗೆ ಒರೆಸಿಕೊಂಡು, ಫೋನು ಹಿಡಿದು, ಬಿಸಿಲಿಗೆ ಬೆನ್ನು ಮಾಡಿ ನಿಂತ. ಸಿಗ್ನಲ್ ಸಿಗಲಿಲ್ಲ. ಅಂಗಡಿಯ ಕಟ್ಟೆ ಹತ್ತಿ ಕೈ ಮೇಲೆತ್ತಿ ಹಿಡಿದ. ಬೀಗ ತೆರೆಯಿತು, ಬೆರಳು ಬಿತ್ತು, ತಕ್ಕಡಿಯ ಮೇಲೆ ಅಕ್ಕಿ ಸುರಿಯತೊಡಗಿತು. ಚೀಲ ತುಂಬುವುದರೊಳಗೆ ಪೆದ್ದಮ್ಮ ಅವನ ಕೈಯಿಂದ ಫೋನು ಕಿತ್ತುಕೊಂಡಿದ್ದಳು.

"ಎಲ್ಲಿ ಒತ್ಬೇಕು ತೋರ್ಸು. ಇನ್ಮೇಲೆ ನನ್ನದಕ್ಕೆ ನಾನೇ ಆಕ್ಕೊಂತೀನಿ, ನಾನೇ ತೆಕ್ಕೊಂತೀನಿ."

ಅವನು ತೋರಿಸಿದ. ಅವಳು ಒತ್ತಿದಳು.